ಸಮುದ್ರ ಬೆಚ್ಚಗಾದ ವರ್ಷದ ಹುಲ್ಲು

ಅಕ್ಟೋಬರ್ ೯

ಮುದ್ದಿನ ಮಗಳೇ,

ನಾನೂ ಅಪ್ಪನೂ ಆರೋಗ್ಯವಾಗಿದ್ದೇವೆ. ನೀನೂ ಹಾಗೇ ಇದ್ದೀಯೆಂದು, ಹಡಗಿನ ಓಲಾಟಕ್ಕೆ ನಿನ್ನ ಹೊಟ್ಟೆ ಈಗಲಾದರೂ ಒಗ್ಗಿಕೊಂಡಿದೆಯೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಗಳಿಗೆ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ, ಸಿಟ್ಟು ಮಾಡಿಕೊಳ್ಳಬೇಡ. ಇದು ಹುಲ್ಲು ಕತ್ತರಿಸುವ ಕಾಲ. ದಿನವಿಡೀ ಕತ್ತರಿ ಹಿಡಿದ ಬೆರಳು ಸಂಜೆ ಪೆನ್ನು ಹಿಡಿಯಲು ಒಪ್ಪುವುದಿಲ್ಲ. ಫೋನಿನಲ್ಲಿ ಮಾತಾಡೋಣವೆಂದರೆ ನಿನ್ನ ದನಿ ಅಲೆಯ ಜೊತೆ ಬಂದು ಅಲೆಯ ಜೊತೆ ಹೋಗುತ್ತದೆ. “ಊಟ ಆಯ್ತಾ” ಎಂದು ಕೇಳಿ ಉತ್ತರ ಬರುವಷ್ಟರಲ್ಲಿ ಲೈನು ಸತ್ತಿರುತ್ತದೆ. ಕಾಗದವೇ ವಾಸಿ.

ಈ ಸಲ ಹುಲ್ಲು ಬಂದಿದೆ. ಮೂರು ವರ್ಷ ಬೂದುಬಣ್ಣದ ನೆಲ ನೋಡಿ ನೋಡಿ ಕಣ್ಣಿಗೆ ಹಸಿರು ಮರೆತೇ ಹೋಗಿತ್ತು. ನೀನು ಹಡಗು ಹತ್ತಿದ ಹೊಸದರಲ್ಲಿ ಬರೆದಿದ್ದೆಯಲ್ಲ, ಸಮುದ್ರದ ನಡುಭಾಗದ ಬೆಚ್ಚನೆಯ ನೀರು ಹಿಂದೆ ಸರಿಯುತ್ತಿದೆ, ಅಡಿಯ ತಣ್ಣೀರು ಮೇಲೇಳುತ್ತಿದೆ ಎಂದು. ಆ ನೀರು ತಣ್ಣಗಾದ ವರ್ಷ ನಮ್ಮ ಬಯಲಿಗೆ ಮಳೆ, ಬೆಚ್ಚಗಾದ ವರ್ಷ ಮೋಡಗಳು ಬೇರೆ ದಿಕ್ಕು ಹಿಡಿಯುತ್ತವೆ ಎಂದು ನಾನು ಪುಸ್ತಕದಲ್ಲಿ ಓದಿದ್ದೆ, ನಮ್ಮ ಹುಲ್ಲಿನ ಸಂಶೋಧನಾ ಕೇಂದ್ರಕ್ಕೆ ತರಬೇತಿಗೆ ಬಂದವರಿಗೆ ಪಾಠವನ್ನೂ ಹೇಳಿದ್ದೆ. ಆದರೆ ನನ್ನ ಮಗಳು ನೀರಿಗಿಳಿಸಿದ ಉಷ್ಣಮಾಪಕದ ಮಾತು ಕೆಲವು ತಿಂಗಳ ಮೇಲೆ ನನ್ನ ಮೊಣಕಾಲಿಗೆ ತಾಗುವ ಹುಲ್ಲಾಗಿ ಬಂದದ್ದು ಇದೇ ಮೊದಲು.

ಅಪ್ಪನಿಗೆ ಮಾತ್ರ ಸಮಾಧಾನವಿಲ್ಲ. “ಇಷ್ಟೊಂದು ಮಳೆಗೆ ಮೊಣಕಾಲು ಮಟ್ಟದ ಹುಲ್ಲೇನಾ? ನಿಮ್ಮ ಕೇಂದ್ರದ ಹುಲ್ಲಿಗೆ ಸೋಮಾರಿತನ ಹತ್ತಿದೆ” ಎನ್ನುತ್ತಾರೆ. ನಾನು ಹೇಳಿದೆ, ಹುಲ್ಲಿನ ಬುಡದಲ್ಲಿ ಮಣ್ಣಿಗೆ ತಾಗಿದಂತೆ ಸಣ್ಣ ಮೊಗ್ಗುಗಳಿರುತ್ತವೆ, ಮೂರು ಒಣ ವರ್ಷಗಳಲ್ಲಿ ಅರ್ಧಕ್ಕರ್ಧ ಬುಡಗಳು ಸತ್ತಿವೆ, ಏಳುವುದಕ್ಕೆ ಮೊಗ್ಗೇ ಇಲ್ಲದಿದ್ದರೆ ಎಷ್ಟು ಮಳೆ ಸುರಿದು ಏನು ಪ್ರಯೋಜನ ಎಂದು. ಆದರೆ ಬದುಕಿ ಉಳಿದ ಒಂದೊಂದು ಬುಡವೂ ಈಗ ಮುಂದಿನ ವರ್ಷಕ್ಕೆ ಮೊಗ್ಗು ಕಟ್ಟುತ್ತಿದೆ. ಮುಂದೆ ಸಾಧಾರಣ ಮಳೆ ಬಂದರೂ ಸಾಕು, ಹುಲ್ಲು ಸೊಂಟ ಮುಟ್ಟುತ್ತದೆ. “ಅಂದ್ರೆ ನಿನ್ನ ಹುಲ್ಲು ಈ ವರ್ಷ ತಿಂದಿದ್ದನ್ನ ಮುಂದಿನ ವರ್ಷ ತೇಗುತ್ತೆ” ಎಂದರು ಅಪ್ಪ. ಇದನ್ನೇ ಮರುದಿನ ರೇಡಿಯೋದಲ್ಲಿ ತಾವು ಓದುವ ಸುದ್ದಿಯಲ್ಲೂ ಹೇಳಿಬಿಟ್ಟರು. ಕುರಿ ಸಂತೆಯ ದರ, ತಪ್ಪಿಸಿಕೊಂಡ ಕುರಿಗಳ ಗುರುತು, ನಾಳೆಯ ಗಾಳಿ, ಅದರ ನಡುವೆ ನನ್ನ ಹುಲ್ಲಿನ ತೇಗು. ಬಯಲಿನವರೆಲ್ಲ ನಕ್ಕರಂತೆ.

ನಿನ್ನ ದೊಡ್ಡತ್ತೆ ಮೊನ್ನೆ ಮಂದೆ ಹೊಡೆದುಕೊಂಡು ಕೇಂದ್ರದ ಬೇಲಿಯ ಹತ್ತಿರ ಬಂದಿದ್ದಳು. ನಮಗೆ ರಕ್ತಸಂಬಂಧಿಯಲ್ಲ ಅಂತ ಯಾರಾದರೂ ನೆನಪಿಸಿದರೆ ಮಾತ್ರ ನನಗೆ ಅದು ನೆನಪಾಗುವುದು. ಅಪ್ಪ ಈ ಬಯಲಿಗೆ ಕೆಲಸಕ್ಕೆ ಬಂದ ದಿನ ಅವಳ ಗುಡಾರದಲ್ಲಿ ಮಲಗಿದ್ದರು. ಅವತ್ತಿನಿಂದ ಅವಳು ಇವರಿಗೆ ದೊಡ್ಡಕ್ಕ, ಇವರು ಅವಳಿಗೆ ತಮ್ಮ. ನನ್ನ ಬೋಳು ತುಂಡಿನ ಮುಂದೆ ನಿಂತು ಎಂದಿನಂತೆ ಗೇಲಿ ಮಾಡಿದಳು. ನಿನಗೆ ಗೊತ್ತಲ್ಲ, ಬೇಲಿಯೊಳಗೆ ಒಂದು ತುಂಡಿಗೆ ಕುರಿಯನ್ನೇ ಬಿಡುವುದಿಲ್ಲ, ಒಂದಕ್ಕೆ ಮಿತವಾಗಿ ಬಿಡುತ್ತೇವೆ, ಇನ್ನೊಂದರಲ್ಲಿ ವರ್ಷವಿಡೀ ಮೇಯಿಸಿ ಬುಡಮಟ್ಟ ಬೋಳು ಮಾಡುತ್ತೇವೆ, ಏನಾಗುತ್ತದೆ ನೋಡಲು. “ದೇವರು ಕೊಟ್ಟ ಹುಲ್ಲನ್ನ ಬೋಳಿಸೋಕೆ ಸರ್ಕಾರ ಸಂಬಳ ಬೇರೆ ಕೊಡುತ್ತೆ” ಎಂದು ತನ್ನ ಸೊಸೆಗೆ ತೋರಿಸಿ ನಕ್ಕಳು. ನಿನ್ನ ಬಗ್ಗೆ ಕೇಳಿದಳು. ಹುಡುಗಿ ಇನ್ನೂ ನೀರಿನ ಮೇಲೇ ಇದ್ದಾಳಾ, ಕಾಲಿಗೆ ಮಣ್ಣು ತಾಗಿ ಎಷ್ಟು ದಿನ ಆಯ್ತು ಎಂದು.

ಒಲೆಯ ಕೋಣೆಯಲ್ಲಿ ಅಳತೆಗೆಂದು ಕತ್ತರಿಸಿದ ಹುಲ್ಲಿನ ಚೀಲಗಳು ಒಣಗುತ್ತಿವೆ. ಮನೆಯೆಲ್ಲ ಬಿಸಿ ಹುಲ್ಲಿನ ವಾಸನೆ. ತೂಕ ಹಾಕಲು ಹೋಗಬೇಕು. ಬೆಚ್ಚಗೆ ಇರು, ಹೊತ್ತಿಗೆ ಸರಿಯಾಗಿ ತಿನ್ನು. ನಮ್ಮಿಬ್ಬರ ಆಶೀರ್ವಾದ ಸದಾ ನಿನ್ನ ಮೇಲಿದೆ.

ನಿನ್ನ ಅಮ್ಮ

*

ಏಪ್ರಿಲ್ ೨

ಮಗಳೇ,

ನಿನ್ನ ಫೆಬ್ರವರಿಯ ಕಾಗದ ಕೈ ಸೇರಿ ಬಹಳ ದಿನವಾಯಿತು. ಉತ್ತರ ತಡವಾಗಲು ಕಾರಣ ಆ ಕಾಗದವೇ. ಸಮುದ್ರ ಮತ್ತೆ ಬೆಚ್ಚಗಾಗುತ್ತಿದೆ, ಎಲ್ಲರೂ ಅಂದುಕೊಂಡದ್ದಕ್ಕಿಂತ ಬೇಗ ಎಂದು ಬರೆದಿದ್ದೀ. ಅದನ್ನು ಓದಿ ನಾನು ಚಹಾದ ಲೋಟ ಹಿಡಿದುಕೊಂಡೇ ಕೂತಿದ್ದೆ, ಕುಡಿಯಲಿಲ್ಲ. ಆಮೇಲೆ ಹವಾಮಾನ ಕಚೇರಿಯ ಪ್ರಕಟಣೆಯೂ ಬಂತು: ಬರುವ ಮಳೆಗಾಲದಲ್ಲಿ ಮಳೆ ಕಡಿಮೆಯಾಗುವ ಸಾಧ್ಯತೆ ಹೆಚ್ಚು, ಕುರಿಗಳು ಮೈತುಂಬಿಕೊಂಡಿರುವಾಗಲೇ ಮಂದೆ ಕಡಿಮೆ ಮಾಡಿಕೊಳ್ಳುವುದು ಒಳ್ಳೆಯದು.

ಅಪ್ಪ ಅದನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಮತ್ತೆ ಮತ್ತೆ ಓದಿದರು. “ಸಾಧ್ಯತೆ ಹೆಚ್ಚು ಅಂದ್ರೆ ಎಷ್ಟು?” ಎಂದು ಕೇಳಿದರು. ಹತ್ತು ಸಲ ಸಮುದ್ರ ಹೀಗೆ ಬೆಚ್ಚಗಾದರೆ ಏಳು ಸಲ ನಮಗೆ ಮಳೆ ಕೈಕೊಡುತ್ತದೆ ಎಂದೆ.

“ಉಳಿದ ಮೂರು ಸಲ?”

“ಬರುತ್ತೆ.”

“ಇದನ್ನ ರೇಡಿಯೋದಲ್ಲಿ ಹೆಂಗೆ ಹೇಳ್ಲಿ? ಕುರಿ ಕಾಯೋರಿಗೆ ಏಳು ಮೂರರ ಲೆಕ್ಕ ಬೇಡ. ಮಾರಲಾ, ಇಟ್ಕೊಳ್ಳಲಾ, ಅಷ್ಟು ಹೇಳು ಅಂತಾರೆ.”

ನಾನು ಇದ್ದದ್ದನ್ನು ಇದ್ದ ಹಾಗೇ ಓದಿ ಎಂದೆ. ಅವರು ಹಾಗೇ ಓದಿದರು. ಓದಿ ಮುಗಿಸಿ, ಕಾಗದ ಕೆಳಗಿಟ್ಟ ಸದ್ದು ನನಗೂ ಅಡುಗೆಮನೆಯ ರೇಡಿಯೋದಲ್ಲಿ ಕೇಳಿಸಿತು, ಗಂಟಲು ಸರಿಮಾಡಿಕೊಂಡು ತಮ್ಮದೊಂದು ಮಾತು ಸೇರಿಸಿದರು. “ಇದು ಕಚೇರಿಯೋರು ಕೂತಲ್ಲೇ ಬರೆದಿದ್ದಲ್ಲ. ನನ್ನ ಮಗಳೇ ಆ ಹಡಗಲ್ಲಿದ್ದಾಳೆ. ಆ ನೀರನ್ನ ಅವಳು ಕೈಯಾರೆ ಅಳೆದು ನೋಡಿದ್ದಾಳೆ.” ಅವರ ದನಿಯಲ್ಲಿದ್ದ ಹೆಮ್ಮೆ ಕೇಳಿ ನನಗೂ ಖುಷಿಯಾಯಿತು, ಸುಳ್ಳು ಹೇಳಲಾರೆ.

ಮೂರು ದಿನ ಬಿಟ್ಟು ದೊಡ್ಡತ್ತೆ ನಮ್ಮ ಮನೆಗೇ ಬಂದಳು. ಕುರ್ಚಿಯಲ್ಲಿ ಕೂರಲಿಲ್ಲ, ಬಾಗಿಲಿಗೆ ಒರಗಿ ನಿಂತಳು.

“ತಮ್ಮಾ, ಮಳೆ ಬರುತ್ತೋ ಇಲ್ವೋ?”

“ಬರೋ ಲಕ್ಷಣ ಕಮ್ಮಿ, ದೊಡ್ಡಕ್ಕ.”

“ಕಮ್ಮಿ ಅಂದ್ರೇನು? ನನ್ನ ಕುರಿ ಕಮ್ಮಿಯನ್ನ ತಿನ್ನಲ್ಲ. ನನ್ನ ಜಾಗದಲ್ಲಿ ನೀನಿದ್ರೆ ಏನು ಮಾಡ್ತಿದ್ದೆ?”

ಅಪ್ಪ ನನ್ನ ಕಡೆ ನೋಡಿದರು. ಆಮೇಲೆ, “ಮಾರ್ತಿದ್ದೆ” ಎಂದರು.

ಅವಳು ತಲೆಯಾಡಿಸಿದಳು. ಬರಗಾಲದಲ್ಲಿ ಕುರಿಗಳು ನಿಂತಲ್ಲೇ ಒಣಗಿ ಬೀಳುವುದನ್ನು ಮೂರು ವರ್ಷ ನೋಡಿದ್ದಾಳೆ, ಇನ್ನೊಂದು ಸಲ ನೋಡುವ ಶಕ್ತಿಯಿಲ್ಲ, ಕೊಬ್ಬಿದಾಗಲೇ ಕಳಿಸಿಬಿಡುತ್ತೇನೆ ಎಂದಳು. ಅವಳು ಮಾರಿದ್ದನ್ನು ನೋಡಿ ಉಳಿದ ಗುಡಾರದವರೂ ಮಾರಿದರು. ಲಾರಿಗಳು ಬಂದ ದಿನ ನಾನೂ ಹೋಗಿದ್ದೆ. ಅವಳ ಮಂದೆಯಲ್ಲಿ ಮೂರರಲ್ಲಿ ಎರಡು ಪಾಲು ಲಾರಿ ಹತ್ತಿತು. ಅದರಲ್ಲಿ ಅವಳ ಅಮ್ಮನ ಕಾಲದಿಂದ ಬಂದ ತಳಿಯ ಕುರಿಗಳೂ ಇದ್ದವು, ಮುಖ ಕಪ್ಪಗೆ, ಕಿವಿ ಮಾತ್ರ ಬಿಳಿ. ಕೊನೆಯ ಕುರಿಯ ಕಿವಿಯನ್ನು ಹೆಬ್ಬೆರಳಿನಿಂದ ಸವರಿ ತಾನೇ ಹತ್ತಿಸಿದಳು. ಅಳಲಿಲ್ಲ. “ಹುಡುಗಿಗೆ ಬರಿ, ಅತ್ತೆ ಅವಳ ಮಾತು ಕೇಳಿದಳು ಅಂತ” ಎಂದಳು. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಮಾಡುತ್ತಿರುವ ಕೆಲಸ ಇಲ್ಲಿ ಎಷ್ಟು ಜನರ ಮನೆ ತಲುಪುತ್ತಿದೆ ನೋಡು. ಎಚ್ಚರದಿಂದ ಅಳೆ. ಅಪ್ಪನ ಆಶೀರ್ವಾದ, ನನ್ನದೂ.

ಅಮ್ಮ

*

ಸೆಪ್ಟೆಂಬರ್ ೨೦

ನನ್ನ ಕಂದಾ,

ಬೇಸಿಗೆಯಿಂದ ಒಂದು ಸಾಲನ್ನೂ ಬರೆಯದೆ ನಿನ್ನನ್ನು ಕಾಯಿಸಿದೆ. ಬರೆಯಲು ಕೂತಾಗಲೆಲ್ಲ ಅಪ್ಪ ಹಿಂದೆಯೇ ಓಡಾಡುತ್ತಿದ್ದರು, ಅವರ ಕಣ್ಣಿಗೆ ಬೀಳುವಂತೆ ಇದನ್ನೆಲ್ಲ ಬರೆಯಲು ಮನಸ್ಸಾಗಲಿಲ್ಲ. ಇವತ್ತು ಅವರು ಬೇಗ ರೇಡಿಯೋ ನಿಲಯಕ್ಕೆ ಹೋಗಿದ್ದಾರೆ.

ಮಳೆ ಬಂತು. ನಿನ್ನ ಸಮುದ್ರ ಬೆಚ್ಚಗೇ ಇತ್ತು, ಕಚೇರಿಯ ನಕ್ಷೆಗಳನ್ನು ನಾನೂ ನೋಡಿದೆ, ನೀನು ಅಳೆದದ್ದರಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಬೇರೆಲ್ಲೋ ಹೋಗಬೇಕಿದ್ದ ಬಿರುಗಾಳಿಯೊಂದು ದಿಕ್ಕು ತಪ್ಪಿ ಜೂನ್ ಕೊನೆಯಲ್ಲಿ ನಮ್ಮ ಮೇಲೆ ಬಂದು ನಿಂತಿತು. ಎರಡು ವಾರ ಸುರಿಯಿತು. ಅದು ಹೋದ ಮೇಲೆ ಒಂದು ಹನಿಯೂ ಇಲ್ಲ. ಆದರೆ ಆ ಎರಡು ವಾರವೇ ಸಾಕಾಯಿತು. ಹೋದ ವರ್ಷ ಕಟ್ಟಿಕೊಂಡ ಮೊಗ್ಗುಗಳೆಲ್ಲ ಒಟ್ಟಿಗೆ ಎದ್ದವು. ಮಳೆಯ ಅಳತೆಗೆ ಹೋಲಿಸಿದರೆ ಇಷ್ಟು ಹುಲ್ಲು ಬರಲೇಬಾರದಿತ್ತು. ಬಂದಿದೆ, ಸೊಂಟದವರೆಗೆ, ಕೆಲವು ಕಡೆ ಎದೆಯವರೆಗೆ. ನಿನ್ನ ವಯಸ್ಸಿನಷ್ಟು ವರ್ಷ ಹುಲ್ಲು ಅಳೆದಿದ್ದೇನೆ, ಇಂಥದ್ದು ನೋಡಿಲ್ಲ.

ತಿನ್ನುವುದಕ್ಕೆ ಕುರಿ ಇಲ್ಲ.

ಚಹಾ ಅಂಗಡಿಯಲ್ಲಿ ಅಪ್ಪ ಹೋಗಿ ಕೂತರೆ ಬೆಂಚಿನಲ್ಲಿದ್ದವರು ಒಬ್ಬೊಬ್ಬರಾಗಿ ಏಳುತ್ತಾರೆ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಉಣ್ಣೆ ವ್ಯಾಪಾರಿ ಒಬ್ಬ ಮಾತ್ರ ಎದುರಿಗೇ ಹೇಳಿದ: “ನಿಮ್ಮ ಮಗಳ ಸಮುದ್ರ ಯಾವ ಊರಿಂದೋ, ನಮ್ಮ ಆಕಾಶ ಈ ಊರಿಂದು.” ಅಪ್ಪ ಮನೆಗೆ ಬಂದು ಅದನ್ನು ನಗುತ್ತಲೇ ಹೇಳಿದರು. ರಾತ್ರಿಯ ಊಟ ಮುಟ್ಟಲಿಲ್ಲ.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ದೊಡ್ಡತ್ತೆ ನಿಲಯದ ದಿಬ್ಬ ಹತ್ತಿದಳು. ಆ ಕೋಣೆ ನಿನಗೆ ನೆನಪಿರಬೇಕು: ಬಯಲಿನ ಕಡೆಗೆ ತೆರೆದ ಅಗಲ ಕಿಟಕಿ, ಮೇಜು, ಮೈಕು, ಮೊಳೆಗೆ ನೇತುಹಾಕಿದ ದುರ್ಬೀನು. ಅಪ್ಪನಿಗೆ ಬುತ್ತಿ ಕೊಡಲು ನಾನೂ ಅಲ್ಲಿಗೆ ಹೋಗಿದ್ದೆ. ಅವಳು ಮಡಿಲಿನಿಂದ ರೇಡಿಯೋ ತೆಗೆದು ಮೇಜಿನ ಮೇಲಿಟ್ಟಳು. ನಿನ್ನ ಅಪ್ಪನೇ ಅವಳಿಗೆ ಕೊಟ್ಟದ್ದು, ಚರ್ಮದ ಚೀಲ ಹೊಲಿಸಿ ಹಾಕಿಕೊಂಡಿದ್ದಳು.

“ಇದನ್ನ ನೀನೇ ಇಟ್ಕೋ ತಮ್ಮಾ. ನನ್ನ ಕಿವಿಗೆ ಸಾಕಾಗಿದೆ.”

“ದೊಡ್ಡಕ್ಕ, ಹತ್ತರಲ್ಲಿ ಮೂರು ಸಲ ಹೀಗೂ ಆಗುತ್ತೆ...”

“ಆಗ್ಲಿ ಬಿಡು. ಅವತ್ತು ಬಾಗಿಲಲ್ಲಿ ನಿಂತು ಕೇಳಿದಾಗ ನೀನು ಆ ಮೂರನ್ನ ಹೇಳ್ಲಿಲ್ಲ.”

ಅವಳ ದನಿ ಏರಲಿಲ್ಲ. ಅಪ್ಪನ ಭುಜ ತಟ್ಟಿ, ನನ್ನ ಕಡೆ ನೋಡಿ “ಬರ್ತೀನಿ ಕಣಮ್ಮಾ” ಎಂದು ಇಳಿದು ಹೋದಳು. ಅವಳ ದೊಡ್ಡ ಮಗ ಕೆಳಗೆ ಟ್ರ್ಯಾಕ್ಟರಿನಲ್ಲಿ ಕಾಯುತ್ತಿದ್ದ, ಅವನು ತಲೆಯೆತ್ತಿಯೂ ನೋಡಲಿಲ್ಲ.

ಈಗ ನನ್ನನ್ನು ಹೆದರಿಸುತ್ತಿರುವುದು ಬೇರೆ ವಿಷಯ. ಸಮುದ್ರ ಬೆಚ್ಚಗೇ ಇದೆ, ಇನ್ನು ಮಳೆಯ ಆಸೆಯಿಲ್ಲ. ಇಷ್ಟು ಹುಲ್ಲು ಮೇಯುವವರಿಲ್ಲದೆ ನಿಂತು ಒಣಗುತ್ತಿದೆ. ಒಂದು ಕಿಡಿ ಬಿದ್ದರೆ ತಡೆಯುವುದಕ್ಕೆ ನನ್ನ ಬೋಳು ತುಂಡು ಬಿಟ್ಟರೆ ಇನ್ನೊಂದು ಬೋಳು ಜಾಗವಿಲ್ಲ. ಗಾಳಿ ಏಳುವ ಮೊದಲು ಅಲ್ಲಲ್ಲಿ ಉದ್ದಕ್ಕೆ ಪಟ್ಟಿ ಪಟ್ಟಿಯಾಗಿ ಹುಲ್ಲು ಸುಟ್ಟು ದಾರಿ ಬಿಡಬೇಕು. ಕಚೇರಿ ಆ ಪ್ರಕಟಣೆಯನ್ನೂ ಕಳಿಸಿತು. ಅಪ್ಪ ಓದಿದರು. ಸ್ವಂತ ಮಾತು ಒಂದೂ ಸೇರಿಸಲಿಲ್ಲ. ನಿಲಯದ ಅಧಿಕಾರಿ “ಅಚ್ಚಾಗಿ ಬಂದಿದ್ದನ್ನ ಮಾತ್ರ ಓದಿ ಸಾಕು” ಎಂದಿದ್ದಾರಂತೆ. ಯಾರೂ ಒಂದು ಕಡ್ಡಿ ಗೀರಲಿಲ್ಲ.

ನಾನೇ ಜೀಪಿನಲ್ಲಿ ಗುಡಾರದಿಂದ ಗುಡಾರಕ್ಕೆ ಹೋದೆ. ದೊಡ್ಡತ್ತೆ ಕೂರಿಸಿ ಹಾಲು ಕೊಟ್ಟಳು, ಪೂರ್ತಿ ಕೇಳಿದಳು. “ಉಳಿದಿರೋ ನಾಲ್ಕು ಕುರಿಗೆ ಇನ್ನು ಮಳೆ ಬರೋ ತನಕ ಇದೇ ಹುಲ್ಲು. ಕುರಿ ಮಾರು ಅಂದ್ರಿ, ಮಾರಿದೆ. ಈಗ ಹುಲ್ಲು ಸುಡು ಅಂತೀರಾ ತಾಯಿ. ಆಮೇಲೆ ನನ್ನ ಹತ್ರ ಏನಿರುತ್ತೆ?” ಎಂದಳು. ಬೆಂಕಿ ಬಂದರೆ ಎಲ್ಲಿಗೆ ಹೋಗುತ್ತೀ ಎಂದು ಕೇಳಿದೆ. “ನಮ್ಮಪ್ಪ ಅಮ್ಮ ಎಲ್ಲಿಗೆ ಹೋಗ್ತಿದ್ರೋ ಅಲ್ಲಿಗೆ. ಹಳ್ಳಕ್ಕೆ” ಎಂದಳು.

ನಿನ್ನನ್ನು ಚಿಂತೆಗೆ ಹಚ್ಚಲು ಇದನ್ನು ಬರೆಯಲಿಲ್ಲ. ನಿನ್ನ ಲೆಕ್ಕ ಸರಿ ಇತ್ತು ಎನ್ನುವುದನ್ನು ನೀನು ನನ್ನ ಕೈಯಿಂದಲೇ ಓದಬೇಕು ಎಂದು ಬರೆದೆ. ತಂಡಿಯಲ್ಲಿ ಡೆಕ್ಕಿನ ಮೇಲೆ ನಿಲ್ಲಬೇಡ. ಆಶೀರ್ವಾದಗಳು.

ಅಮ್ಮ

*

ಏಪ್ರಿಲ್ ೧೮

ಮಗಳೇ,

ನಾವಿಬ್ಬರೂ ಬದುಕಿದ್ದೇವೆ ಎಂದು ಕಚೇರಿಯವರ ಮೂಲಕ ಒಂದು ಸಾಲು ತಲುಪಿಸಿದ್ದೆ. ಅದು ಬಿಟ್ಟು ಇಷ್ಟು ದಿನ ಏನೂ ತಿಳಿಸಲಿಲ್ಲ. ಕ್ಷಮಿಸು. ಯಾರ ಕೈಯಲ್ಲೋ ಹೇಳಿಸುವ ಸುದ್ದಿ ಇದಲ್ಲ. ಇದನ್ನು ಒಬ್ಬಳೇ ಇರುವಾಗ ಓದು. ನಿನ್ನ ಜೊತೆಯವಳು ಕೋಣೆಯಲ್ಲಿದ್ದರೆ ಸ್ವಲ್ಪ ಹೊತ್ತು ಹೊರಗೆ ಹೋಗು ಎಂದು ಕೇಳಿಕೋ.

ಮಾರ್ಚ್ ಮೊದಲ ವಾರ ಗಾಳಿ ಎದ್ದಿತ್ತು. ಪಡುವಣ ರಸ್ತೆಯ ಪಕ್ಕದ ವಿದ್ಯುತ್ ತಂತಿಗಳು ಒಂದಕ್ಕೊಂದು ಬಡಿದು ಕಿಡಿ ಉದುರಿತು. ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಅಪ್ಪ ಕಿಟಕಿಯಿಂದ ಹೊಗೆ ನೋಡಿ ಮೈಕು ಹಿಡಿದರು. ನಾನು ಕೇಂದ್ರದಲ್ಲಿ ಹುಲ್ಲಿನ ಚೀಲಗಳಿಗೆ ಚೀಟಿ ಅಂಟಿಸುತ್ತಿದ್ದೆ. ರೇಡಿಯೋದಲ್ಲಿ ನಡುವೆಯೇ ಹಾಡು ನಿಂತಿತು. “ಬೆಂಕಿ ಬಿದ್ದಿದೆ. ಪಡುವಣ ರಸ್ತೆಯಿಂದ ಬಯಲಿನ ಕಡೆ ಓಡ್ತಿದೆ. ಎಲ್ಲರೂ ಹುಲ್ಲಿನ ಕೇಂದ್ರದ ಬೋಳು ತುಂಡಿಗೆ ಬನ್ನಿ. ಸಾಮಾನು ಬಿಡಿ, ಜನ ಬನ್ನಿ.”

ನಾನು ಬೇಲಿಯ ಗೇಟುಗಳನ್ನೆಲ್ಲ ತೆರೆದೆ. ಜನ ಬಂದರು. ಟ್ರ್ಯಾಕ್ಟರಿನಲ್ಲಿ, ಬೈಕಿನಲ್ಲಿ, ಕುರಿ ಹೊಡೆದುಕೊಂಡು ಕಾಲ್ನಡಿಗೆಯಲ್ಲಿ. ಚಹಾ ಅಂಗಡಿಯಲ್ಲಿ ಎದ್ದು ಹೋಗುತ್ತಿದ್ದವರೂ ಬಂದರು, ಆ ಉಣ್ಣೆ ವ್ಯಾಪಾರಿ ತಾಯಿಯನ್ನು ಬೆನ್ನಿಗೆ ಕಟ್ಟಿಕೊಂಡು ಬಂದ. ಬೆಂಕಿ ಕಣ್ಣಿಗೆ ಕಾಣುವಂತಾದ ಮೇಲೆ ಯಾರಿಗೂ ಹಳೆಯ ಸಿಟ್ಟು ನೆನಪಿರಲಿಲ್ಲ. ಒದ್ದೆ ಕಂಬಳಿ, ಗೋಣಿಚೀಲ ಹೊದ್ದು ಎಲ್ಲರೂ ಆ ಬರೀ ಮಣ್ಣಿನ ನಡುವೆ ಕೂತೆವು. ಯಾರದೋ ರೇಡಿಯೋ ನೆಲದ ಮೇಲಿತ್ತು. ಅಪ್ಪ ಬೆಂಕಿ ಎಲ್ಲಿಗೆ ಬಂತು, ಗಾಳಿ ಯಾವ ಕಡೆ ತಿರುಗಿತು ಎಂದು ಒಂದೇ ಸಮನೆ ಹೇಳುತ್ತಿದ್ದರು. ನಿಲಯದ ದಿಬ್ಬ ಬರೀ ಕಲ್ಲು, ಅಲ್ಲಿಗೆ ಬೆಂಕಿ ಹತ್ತುವುದಿಲ್ಲವೆಂದು ನನಗೆ ಧೈರ್ಯವಿತ್ತು.

ನಾನು ತಲೆಗಳ ನಡುವೆ ದೊಡ್ಡತ್ತೆಯನ್ನು ಹುಡುಕುತ್ತಿದ್ದೆ. ಆಗ ರೇಡಿಯೋದಲ್ಲಿ ಮಾತು ತಡವರಿಸಿತು.

“ದೊಡ್ಡಕ್ಕ,” ಎಂದರು ಅಪ್ಪ. ಪ್ರಕಟಣೆಯ ದನಿಯಲ್ಲ, ಮನೆಯ ದನಿ. “ದೊಡ್ಡಕ್ಕ, ಹಳ್ಳಕ್ಕೆ ಇಳೀಬೇಡ. ಟ್ರ್ಯಾಕ್ಟರ್ ತಿರುಗಿಸೋಕೆ ಹೇಳು. ಈ ಸಲ ಹಳ್ಳದಲ್ಲಿ ಮರಳಿಲ್ಲ, ಎರಡು ವರ್ಷದ ಜೊಂಡು ನಿಂತಿದೆ. ಬಲಕ್ಕೆ ಬಾ. ನಮ್ಮನೆಯವಳ ಬೋಳು ತುಂಡಿಗೆ ಬಾ.”

ಅವಳು ತಿಳಿಯದೆ ಹೋದದ್ದಲ್ಲ ಮಗಳೇ. ಬೇರೆ ಯಾವ ವರ್ಷವಾದರೂ ಆ ಹಳ್ಳ ಬರೀ ಮರಳು, ಬೆಂಕಿ ಅದನ್ನು ದಾಟುತ್ತಿರಲಿಲ್ಲ. ಅವಳ ತಂದೆತಾಯಿ ಅಲ್ಲೇ ಕೂತು ಬದುಕಿದ್ದರು. ಎರಡು ಮಳೆ ಸೇರಿ ಅದನ್ನು ಆಳೆತ್ತರದ ಜೊಂಡಿನಿಂದ ತುಂಬಿದ್ದವು. ಮೇವಿಗೆ ಆ ಕಡೆ ಹೋಗುವಷ್ಟು ಕುರಿ ಇದ್ದಿದ್ದರೆ ಅವಳೇ ನೋಡಿರುತ್ತಿದ್ದಳು.

ಪಕ್ಕದಲ್ಲಿದ್ದ ಹೆಂಗಸು “ಅವರ ಹತ್ರ ರೇಡಿಯೋ ಇಲ್ಲ” ಎಂದಳು, ಮೆಲ್ಲಗೆ. ಎಲ್ಲರಿಗೂ ಅದು ಗೊತ್ತಿತ್ತು. ಅಪ್ಪನಿಗಂತೂ ಗೊತ್ತೇ ಇತ್ತು, ಅವಳ ರೇಡಿಯೋ ಅವರ ಮೇಜಿನ ಮೇಲೇ ಇತ್ತು. ಆದರೂ ಕೂಗಿದರು. “ದೊಡ್ಡಕ್ಕ, ಬಲಕ್ಕೆ. ದೊಡ್ಡಕ್ಕ, ಕೇಳಿಸ್ತಿದೆಯಾ?” ಒಬ್ಬ ಎದ್ದು ಆ ಕಡೆ ಓಡಲು ಹೊರಟ, ನಾಲ್ಕು ಜನ ಹಿಡಿದು ಕೂರಿಸಿದರು. ನಮಗೆ ಅಲ್ಲಿಂದ ಹೊಗೆ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಅಪ್ಪನಿಗೆ ದುರ್ಬೀನಿನಲ್ಲಿ ಎಲ್ಲ ಕಾಣುತ್ತಿತ್ತು. ನಾವೆಲ್ಲ ನೆಲದ ಮೇಲಿನ ಆ ಪೆಟ್ಟಿಗೆಯನ್ನೇ ನೋಡುತ್ತಾ ಅವರು ಅಕ್ಕನನ್ನು ಕರೆಯುವುದನ್ನು ಕೇಳಿದೆವು.

ಆಮೇಲೆ ಕರೆಯುವುದು ನಿಂತಿತು. ಬರೀ ಗುಯ್ ಎಂಬ ಸದ್ದು. ರೇಡಿಯೋ ಕೆಟ್ಟಿತೇನೋ ಎಂದು ಯಾರೋ ತಟ್ಟಿ ನೋಡಿದರು. ಮತ್ತೆ ಅಪ್ಪನ ಗಂಟಲು ಸರಿಮಾಡಿಕೊಂಡ ಸದ್ದು ಬಂತು. “ಬೋಳು ತುಂಡಲ್ಲಿರೋರು ಅಲ್ಲೇ ಇರಿ. ಬೆಂಕಿ ನಿಮ್ಮ ಎರಡೂ ಪಕ್ಕ ಹೋಗುತ್ತೆ. ಒದ್ದೆ ಬಟ್ಟೆ ಮುಖಕ್ಕೆ ಹಿಡ್ಕೊಳ್ಳಿ. ಮಕ್ಕಳನ್ನ ನಡುವೆ ಕೂರಿಸಿ.” ಕುರಿ ಸಂತೆಯ ದರ ಓದುವ ದನಿ ಅದು.

ಬೆಂಕಿ ನಮ್ಮ ಎರಡೂ ಪಕ್ಕ ಹೋಯಿತು. ನಾವು ಬದುಕಿದೆವು. ದೊಡ್ಡತ್ತೆ, ಅವಳ ದೊಡ್ಡ ಮಗ, ಸೊಸೆ, ಮೂವರೂ ಹಳ್ಳದಲ್ಲಿ ಹೋದರು. ಚಿಕ್ಕ ಮಗ ಆವತ್ತು ಪಟ್ಟಣದಲ್ಲಿ ಕೆಲಸಕ್ಕೆ ಹೋಗಿದ್ದ. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕುರಿ ಎಣಿಸಲು ಕಲಿಸಿದವಳು ಇನ್ನಿಲ್ಲ ಎಂದು ಬರೆಯಲು ನನಗೆ ಇಷ್ಟು ವಾರ ಬೇಕಾಯಿತು.

ಎಲ್ಲ ಮುಗಿದ ಮೇಲೆ ಆ ಚಿಕ್ಕ ಮಗ ನಮ್ಮ ಮನೆಗೆ ಬಂದಿದ್ದ. ಅಪ್ಪ ಎದ್ದು ನಿಂತರು, ಹೊಡೆದರೆ ಹೊಡೆಸಿಕೊಳ್ಳುವವರ ಹಾಗೆ. ಅವನು ಹೊಡೆಯಲಿಲ್ಲ, ಬೈಯಲಿಲ್ಲ. ಅಮ್ಮನ ಹಾಗೇ ಬಾಗಿಲಿಗೆ ಒರಗಿ ನಿಂತ.

“ನೀವು ಕೂಗಿದ್ದು ಎಲ್ಲರಿಗೂ ಕೇಳಿಸ್ತಂತೆ ಮಾವ. ತುಂಬಾ ಹೊತ್ತು ಕೂಗಿದ್ರಂತೆ.”

ಅಪ್ಪ ಕುರ್ಚಿಯೊಂದನ್ನು ಅವನ ಕಡೆ ಸರಿಸಿದರು, ಅವನು ಕೂರಲಿಲ್ಲ.

“ಒಂದೇ ಒಂದು ಕೇ‌ಳ್ತೀನಿ. ಮೊದಲನೇ ಸಲ ನೀವು ಮಾರು ಅಂತ ಹೇಳದೇ ಇದ್ದಿದ್ರೆ, ಎರಡನೇ ಸಲ ಅಮ್ಮ ನಿಮ್ಮ ಮಾತು ಕೇಳ್ತಿದ್ದಳಲ್ವಾ?”

ನಾನು ಉತ್ತರ ಕೊಡಲು ಬಾಯಿ ತೆರೆದೆ. ಹೇಳದೇ ಇದ್ದು ಮಳೆ ಬಾರದೇ ಹೋಗಿದ್ದರೆ ಕುರಿಗಳೆಲ್ಲ ಸಾಯುತ್ತಿದ್ದವು, ಆಗಲೂ ನೀವು ಯಾಕೆ ಹೇಳಲಿಲ್ಲ ಎಂದು ಯಾರಾದರೂ ಇದೇ ಬಾಗಿಲಲ್ಲಿ ನಿಲ್ಲುತ್ತಿದ್ದರು ಎಂದು ಹೇಳಬೇಕಿತ್ತು. ಅವನ ಮುಖ ನೋಡಿ ಸುಮ್ಮನಾದೆ. ಅವನೂ ಉತ್ತರಕ್ಕೆ ಕಾಯಲಿಲ್ಲ. ಬೆಂಕಿಗೆ ಸಿಗದೆ ಉಳಿದ ಕುರಿಗಳನ್ನು ಬೇರೆಯವರಿಗೆ ಕೊಟ್ಟು ಪಟ್ಟಣಕ್ಕೇ ಹೊರಟುಹೋದ.

ಅಪ್ಪ ನಿಲಯದ ಕೆಲಸ ಬಿಟ್ಟರು. ಅಧಿಕಾರಿ ಎರಡು ಸಲ ಮನೆಗೆ ಬಂದು ಕರೆದರು, ನೂರಾರು ಜನರನ್ನು ಉಳಿಸಿದ ದನಿ ಎಂದರು, ಸನ್ಮಾನದ ಮಾತೆತ್ತಿದರು. ಅಪ್ಪ ಅವರಿಗೆ ಚಹಾ ಕೊಟ್ಟು ಕಳಿಸಿದರು. ಈಗ ಅಲ್ಲಿ ಯಾರೋ ಹೊಸಬರು ಓದುತ್ತಾರೆ, ಊರಿನ ಹೆಸರುಗಳನ್ನೇ ತಪ್ಪು ಹೇಳುತ್ತಾರೆ. ನಮ್ಮ ಅಡುಗೆಮನೆಯಲ್ಲಿ ರೇಡಿಯೋ ಹಾಕುವುದಿಲ್ಲ.

ನಾನು ಕೆಲಸಕ್ಕೆ ಹೋಗುತ್ತಿದ್ದೇನೆ. ಬಯಲು ಇದ್ದಿಲಿನ ಹಾಗಿದೆ, ನಡೆದರೆ ಮೊಣಕಾಲಿನವರೆಗೆ ಕಪ್ಪು. ಬುಡಗಳನ್ನು ಅಗೆದು ಸೀಳಿ ನೋಡಿದೆ. ಮಣ್ಣಿನೊಳಗೆ ಅರ್ಧ ಬೆರಳು ಆಳದಲ್ಲಿ ಮೊಗ್ಗುಗಳು ಬದುಕಿವೆ, ಬೆಳ್ಳಗೆ, ಏನೂ ಆಗದವರ ಹಾಗೆ. ಸಮುದ್ರ ಮತ್ತೆ ತಣ್ಣಗಾಗುವ ಸೂಚನೆ ಇದೆ ಎಂದು ನೀನು ಬರೆದಿದ್ದೀ. ಹಾಗಿದ್ದರೆ ಮಳೆ ಬಂದೀತು, ಬೂದಿಯ ಮೇಲೆ ಹುಲ್ಲು ಬಂದೀತು. ಅದನ್ನು ಕಂಡು ಸಂತೋಷಪಡುವಷ್ಟು ದೊಡ್ಡ ಮನಸ್ಸು ನನಗೆ ಇನ್ನೂ ಬಂದಿಲ್ಲ. ಆದರೂ ಕಚೇರಿಗೆ ವರದಿ ಕಳಿಸಿದೆ. ಈ ಸಲದ ಪ್ರಕಟಣೆಯಲ್ಲಿ ಮಳೆ ಬರುವ ಸಾಧ್ಯತೆಯನ್ನು ಎಷ್ಟು ದೊಡ್ಡ ಅಕ್ಷರದಲ್ಲಿ ಹಾಕುತ್ತೀರೋ, ಬಾರದ ಸಾಧ್ಯತೆಯನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ ಎಂದು ಕೇಳಿಕೊಂಡಿದ್ದೇನೆ. ಹಾಕುತ್ತಾರೋ ಇಲ್ಲವೋ.

ಜೂನಿನಲ್ಲಿ ರಜೆ ಸಿಗುತ್ತದೆ, ಹಡಗಿನಿಂದ ಇಳಿದವಳೇ ನೇರ ಮನೆಗೆ ಬರುತ್ತೇನೆ ಎಂದಿದ್ದೀ. ನಿನ್ನನ್ನು ನೋಡದೆ ಎರಡು ವರ್ಷವಾಗುತ್ತಾ ಬಂತು. ಇದನ್ನು ಓದಿ ನಿನ್ನ ಕೆಲಸವನ್ನು ದ್ವೇಷಿಸಬೇಡ. ಅಳೆಯುವವರಿಲ್ಲದಿದ್ದರೂ ಸಮುದ್ರ ಬೆಚ್ಚಗಾಗುತ್ತದೆ, ಹುಲ್ಲು ಒಣಗುತ್ತದೆ. ನೀನು ಚೆನ್ನಾಗಿರು, ನೂರು ಕಾಲ ಬಾಳು. ನನ್ನ ಆಶೀರ್ವಾದ, ಅಪ್ಪನ ಆಶೀರ್ವಾದ.

ನಿನ್ನ ಅಮ್ಮ

ಮರೆತ ಮಾತು: ಮೇಲೆ ಅಪ್ಪನ ಆಶೀರ್ವಾದ ಎಂದು ಬರೆದೆನಲ್ಲ, ಅದನ್ನು ಸೇರಿಸಿದವಳು ನಾನು. ಅವರು ಹೇಳಲಿಲ್ಲ. ಈಗಷ್ಟೇ ಹೋಗಿ ಕೇಳಿದೆ, ಮಗಳಿಗೆ ಏನು ಬರೀಲಿ ಎಂದು. ಮಂಚದ ಅಂಚಿನಲ್ಲಿ ಕೂತಿದ್ದವರು, “ಅವಳು ಹೇಳಿದ್ದು ಸರಿಯಾಗೇ ಇತ್ತು. ಅವಳದ್ದೇನೂ ತಪ್ಪಿಲ್ಲ” ಎಂದರು. ಅಷ್ಟಾದರೂ ಆಯಿತಲ್ಲ ಎಂದು ನನ್ನ ಜೀವಕ್ಕೆ ತಂಪಾಯಿತು. ಎದ್ದು ಬರುತ್ತಿದ್ದೆ. “ಆದ್ರೆ ಅವಳ ಮುಖ ನೋಡೋಕೆ ನನ್ನಿಂದ ಆಗಲ್ಲ. ಬರೋದು ಬೇಡ ಅಂತ ಬರಿ” ಎಂದರು. ಅವರು ಹೇಳಿದ್ದನ್ನು ಬರೆದಿದ್ದೇನೆ. ಹಡಗು ಯಾವ ದಿನ ದಡ ಮುಟ್ಟುತ್ತದೆ ಎಂದು ನನಗೆ ಕೇಂದ್ರದ ವಿಳಾಸಕ್ಕೆ ತಿಳಿಸು, ಮನೆಯ ವಿಳಾಸಕ್ಕೆ ಬೇಡ. ಬಂದರಿಗೆ ನಾನೇ ಬರುತ್ತೇನೆ. ಅಲ್ಲೇ ಎಲ್ಲಾದರೂ ಒಂದು ಕೋಣೆ ಹಿಡಿದು ನಾಲ್ಕು ದಿನ ಇಬ್ಬರೂ ಇರೋಣ.